ವಿಮಲಾ ಆಂಟಿಯ ಬಾಗಿಲಿಗೆ ಮೂರು ಡಬ್ಲ್ಯೂ

ಮೊನ್ನೆ ಕರೆಂಟ್ ಬಿಲ್ ಕಟ್ಟೋಣವೆಂದು ಕಂಪ್ಯೂಟರಿನ ಮುಂದೆ ಕೂತಿದ್ದೆ. ನನ್ನ ಪಾಡಿಗೆ ನಾನು ಮೂರು ಸಲ ಡಬ್ಲ್ಯೂ ಒತ್ತಿ, ಚುಕ್ಕಿ ಇಟ್ಟು, ಆಮೇಲೆ ಹೆಸರು ಹೊಡೆಯುತ್ತಿದ್ದರೆ ಬೆನ್ನ ಹಿಂದೆ ನಿಂತು ಚಕ್ಕುಲಿ ಕಡಿಯುತ್ತಿದ್ದ ತಮ್ಮನ ಮಗಳು ಕಿಸಕ್ಕನೆ ನಕ್ಕಳು.

"ಅತ್ತೆ, ಈಗ ಯಾರು ಡಬ್ಲ್ಯೂ ಡಬ್ಲ್ಯೂ ಅಂತೆಲ್ಲಾ ಹೊಡೀತಾರೆ? ಸುಮ್ನೆ ಹೆಸ್ರು ಹಾಕಿ, ಬರುತ್ತೆ."

"ನಾನು ಹೊಡೀತೀನಿ. ನಿಂಗೇನು ಕಷ್ಟ?"

"ಕಷ್ಟ ಏನಿಲ್ಲಪ್ಪ. ಇಷ್ಟು ವರ್ಷ ವೆಬ್‌ಸೈಟ್ ಮಾಡೋ ಕೆಲ್ಸ ಮಾಡಿದೀನಿ ಅಂತೀರ, ಇದೂ ಗೊತ್ತಿಲ್ವಾ ಅಂತ," ಎಂದು ಇನ್ನೊಂದು ಚಕ್ಕುಲಿ ಮುರಿದಳು.

ನನಗೆ ಗೊತ್ತಿಲ್ಲದೆ ಏನು! ಅವಳು ಹುಟ್ಟುವ ಮೊದಲೇ ವಿಜಯನಗರದ ಒಂದು ಮಹಡಿಯ ಮೇಲೆ ಕೂತು ಊರಿನ ಅಂಗಡಿ, ಛತ್ರ, ಟ್ಯುಟೋರಿಯಲ್ಲುಗಳಿಗೆಲ್ಲ ವೆಬ್‌ಸೈಟು ಕಟ್ಟಿಕೊಟ್ಟವಳು ನಾನು. ಆ ಮೂರು ಅಕ್ಷರ ಈಗ ಬೇಕಿಲ್ಲ ಎಂಬುದು ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಬಿಡಲಾಗುವುದಿಲ್ಲ. ಇದರ ಹಿಂದೆ ಒಬ್ಬರು ಆಂಟಿ ಇದ್ದಾರೆ. ಅವರ ವಿಷಯ ನಿಮಗೆ ಹೇಳಬೇಕಾದರೆ ಮೊದಲು ನಿಮ್ಮನ್ನು ರಾಜಾಜಿನಗರಕ್ಕೆ, ಮುನಿಯಕ್ಕನ ವಠಾರಕ್ಕೆ ಕರೆದುಕೊಂಡು ಹೋಗಬೇಕು. ಚಪ್ಪಲಿ ಗೇಟಿನ ಹತ್ತಿರವೇ ಬಿಡಿ, ಇಲ್ಲದಿದ್ದರೆ ಮುನಿಯಕ್ಕ ಬಯ್ಯುತ್ತಾರೆ.

ಒಂದು ಗೇಟು, ಒಳಗೆ ಅಂಗಳ, ಅಂಗಳದ ಸುತ್ತ ಐದು ಮನೆ, ಐದು ಬಾಗಿಲು. ಎಲ್ಲರ ವಿಳಾಸವೂ ಒಂದೇ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮನೆಯ ಓನರ್ ಮುನಿಯಕ್ಕ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ಬಂದವರು ಅವರಿಗೆ ಹೆಸರು ಹೇಳಬೇಕು, ಅವರು ಬಾಯಿ ತೆರೆಯಲಾಗದೆ ಗದ್ದ ಎತ್ತಿ ಇಂಥ ಬಾಗಿಲು ಎಂದು ತೋರಿಸಬೇಕು. ಹೆಸರು ಗೊತ್ತಿಲ್ಲದಿದ್ದರೆ ಎದ್ದು ಹೋಗಿ ಉಗಿದು ಬಂದು, "ಅಂತೋರು ಇಲ್ಲಿ ಯಾರೂ ಇಲ್ಲ, ಹೋಗಿ," ಅನ್ನುತ್ತಿದ್ದರು. ಅದರ ಮೇಲೆ ಅಪೀಲು ಇರಲಿಲ್ಲ.

ಒಮ್ಮೆ ಮೂಲೆಮನೆಯ ನಾಗರಾಜ ಅಂಕಲ್‌ರನ್ನು ಹುಡುಕಿಕೊಂಡು ದೂರದಿಂದ ಹೆಣ್ಣಿನ ಕಡೆಯವರು ಬಂದಿದ್ದರು. ಆಗ ಅವರಿಗಿನ್ನೂ ಮದುವೆಯಾಗಿರಲಿಲ್ಲ. ಬಂದವರು ಮರ್ಯಾದಸ್ಥರು. "ಶ್ರೀಯುತ ಇಂಜಿನಿಯರ್ ನಾಗರಾಜರಾಯರ ಮನೆ ಇದೇನಾ?" ಎಂದು ಕೈಮುಗಿದು ಕೇಳಿದರು. ಮುನಿಯಕ್ಕನಿಗೆ ಗೊತ್ತಿದ್ದದ್ದು ನಲ್ಲಿ ನೀರಿಗೆ ಕೊಡ ತರುವ ನಾಗರಾಜ ಮಾತ್ರ. ಇಂಜಿನಿಯರೂ ಇಲ್ಲ, ರಾಯರೂ ಇಲ್ಲ ಎಂದು ವಾಪಸ್ ಕಳಿಸಿಯೇಬಿಟ್ಟರು. ನಾಗರಾಜ ಅಂಕಲ್ ಹೊಸ ಶರ್ಟು ಹಾಕಿಕೊಂಡು ಸಂಜೆಯವರೆಗೂ ಉಪ್ಪಿಟ್ಟಿನ ಮುಂದೆ ಕಾದಿದ್ದರು. ಆ ಸಂಬಂಧ ತಪ್ಪಿತು. ಉಪ್ಪಿಟ್ಟು ನಾವು ಹುಡುಗರು ತಿಂದೆವು. ಈ ಪ್ರಸಂಗ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಲ್ಲಿಯ ಪಕ್ಕದ ಬಾಗಿಲು ವಿಮಲಾ ಆಂಟಿಯದು. ಅಂಕಲ್ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದರು. ಮಕ್ಕಳಿರಲಿಲ್ಲ. ನಮ್ಮಮ್ಮ ಟೀಚರು, ಬೆಳಿಗ್ಗೆ ನಾವು ಕಣ್ಣು ಬಿಡುವಷ್ಟರಲ್ಲಿ ಸ್ಕೂಲಿಗೆ ಹೊರಟುಬಿಡುತ್ತಿದ್ದಳು. ಹಾಗಾಗಿ ನನ್ನ ತಲೆ ಬಾಚುವುದು, ಜಡೆ ಹಾಕುವುದು, ಬಾಯಿಗೆ ಬಿಸಿ ದೋಸೆ ತುರುಕುವುದು ಎಲ್ಲ ಆಂಟಿಯ ಪಾಲಿಗೆ ಬಂದಿತ್ತು. ಅವರು ಎಳೆದು ಹಾಕುತ್ತಿದ್ದ ಜಡೆಯ ಬಿಗಿಗೆ ನನ್ನ ಹುಬ್ಬು ಮೇಲೇರಿ, ಹಳೆಯ ಗ್ರೂಪ್ ಫೋಟೋಗಳಲ್ಲೆಲ್ಲ ನಾನು ಏನನ್ನೋ ಕಂಡು ಬೆಚ್ಚಿಬಿದ್ದವಳ ಹಾಗೆ ಕಾಣುತ್ತೇನೆ.

ಆಂಟಿ ಹಗಲು ಹೊತ್ತು ಬಾಗಿಲ ಚಿಲಕ ಹಾಕುತ್ತಿರಲಿಲ್ಲ. ಯಾರಾದರೂ ತಟ್ಟಿದರೆ ಒಳಗಿನಿಂದಲೇ, "ತಳ್ಕೊಂಡು ಬಾ!" ಎಂದು ಕೂಗುತ್ತಿದ್ದರು. ತಟ್ಟುವವರು ಹೊಸಬರು, ತಳ್ಳಿಕೊಂಡು ಬರುವವರು ನಮ್ಮವರು, ಅವರ ಲೆಕ್ಕ ಅಷ್ಟೇ. ನಾನು ಸ್ಕೂಲಿನಿಂದ ಬಂದವಳು ಬ್ಯಾಗಿನ ಸಮೇತ ಹೆಗಲಿನಿಂದಲೇ ಆ ಬಾಗಿಲು ತಳ್ಳುತ್ತಿದ್ದೆ. ಅದು ಕಿರ್ರೆನ್ನುತ್ತಿತ್ತು. ಆ ಕಿರ್ರಿನ ಹಿಂದೆಯೇ ಒಗ್ಗರಣೆಯ ವಾಸನೆ ಬರುತ್ತಿತ್ತು. ಈಗಲೂ ಎಲ್ಲಾದರೂ ಎಣ್ಣೆ ಕಾಣದ ಬಾಗಿಲು ಕಿರ್ರೆಂದರೆ ನನಗೆ ಹಸಿವಾಗುತ್ತದೆ.

ಇನ್ನೊಂದು ಅಭ್ಯಾಸ ಅವರದು. ಏನು ಬರೆದರೂ ಮೇಲೆ 'ಶ್ರೀ' ಬರೆಯಬೇಕು. ಪತ್ರಕ್ಕೆ ಸರಿ. ದಿನಸಿ ಅಂಗಡಿಗೆ ಕಳಿಸುವ ಚೀಟಿಗೂ ಶ್ರೀ, ಅದರ ಕೆಳಗೆ ಇಂಗು, ಸಾಸಿವೆ, ಬಟ್ಟೆ ಸೋಪು.

"ಶ್ರೀ ಇಲ್ದಿದ್ರೆ ಅಂಗಡಿಯೋರು ಸಾಮಾನು ಕೊಡಲ್ವಾ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಕೊಡ್ತಾರೆ ಕಣೇ. ನನಗೆ ಕೈ ಮುಂದಕ್ಕೆ ಹೋಗಲ್ಲ," ಅಂದಿದ್ದರು.

ನಾನು ಡಿಗ್ರಿ ಮುಗಿಸುವ ಹೊತ್ತಿಗೆ, ಎರಡು ಸಾವಿರದ ಆಸುಪಾಸಿನಲ್ಲಿ, ಮುನಿಯಕ್ಕನ ಮಕ್ಕಳು ವಠಾರ ಮಾರಿದರು. ಎಲ್ಲರೂ ಮನೆ ಹುಡುಕಿಕೊಳ್ಳಲು ಶುರುಮಾಡಿದರು. ಅದೇ ಸಮಯಕ್ಕೆ ಅಂಕಲ್‌ರ ಕಾರ್ಖಾನೆಯೂ ಮುಚ್ಚಿತ್ತು. ನನಗೆ ಕೊನೆಯ ಪರೀಕ್ಷೆಗಳು. ಒಂದು ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದು ಅಭ್ಯಾಸಬಲದಿಂದ ಆ ಬಾಗಿಲಿಗೆ ಹೆಗಲು ಕೊಟ್ಟೆ. ಬಾಗಿಲು ಅಲ್ಲಾಡಲಿಲ್ಲ. ನೋಡಿದರೆ ಬೀಗ. ಆ ಬಾಗಿಲಿಗೆ ಬೀಗವೊಂದು ಇದೆ ಎಂಬುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಲಗ್ಗೆರೆಯಲ್ಲಿ ಮನೆ ಸಿಕ್ಕಿ, ಟೆಂಪೋ ತಕ್ಷಣ ಸಿಕ್ಕಿ, ಬೆಳಿಗ್ಗೆಯೇ ಹೊರಟುಹೋಗಿದ್ದರು. "ನಿನ್ನ ಎಕ್ಸಾಮ್ ಕೆಡಬಾರ್ದು, ಆಮೇಲೆ ಹೇಳಿ ಅಂದ್ಲು," ಎಂದಳು ಅಮ್ಮ. ನಾನು ಬೀಗ ಹಿಡಿದು ಜಗ್ಗಿ ಜಗ್ಗಿ ಅತ್ತೆ. ಅಷ್ಟು ದೊಡ್ಡ ಹುಡುಗಿ ಅಂಗಳದಲ್ಲಿ ನಿಂತು ಅತ್ತದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ನಾವು ಬಸವೇಶ್ವರನಗರಕ್ಕೆ ಬಂದೆವು. ಕೆಲವು ತಿಂಗಳ ಮೇಲೆ ಅಮ್ಮನೂ ನಾನೂ ಲಗ್ಗೆರೆಗೆ ಹೋದರೆ, ಅವರು ಅಲ್ಲಿಂದಲೂ ಖಾಲಿ ಮಾಡಿದ್ದರು. ಆಗ ಮನೆ ಬದಲಾದರೆ ಫೋನ್ ನಂಬರೂ ಬದಲಾಗುತ್ತಿತ್ತು. ಮೊಬೈಲು ನಮ್ಮಂಥವರ ಕೈಗೆ ಇನ್ನೂ ಬಂದಿರಲಿಲ್ಲ. ಇದೇ ಊರಿನಲ್ಲಿ, ಇದೇ ಬಸ್ಸುಗಳಲ್ಲಿ ಓಡಾಡುತ್ತಾ ಒಬ್ಬರಿಗೊಬ್ಬರು ಕಾಣೆಯಾಗುವುದು ಅಷ್ಟು ಸುಲಭವಾಗಿತ್ತು.

ಅಷ್ಟರಲ್ಲಿ ನನಗೆ ವಿಜಯನಗರದಲ್ಲಿ ಕೆಲಸ ಸಿಕ್ಕಿತು. ಕೆಳಗೆ ಸೀರೆಗೆ ಫಾಲ್ಸ್ ಹಚ್ಚುವ ಅಂಗಡಿ, ಮೇಲೆ ನಮ್ಮ ಆಫೀಸು. ನನಗಿಂತ ಮೊದಲು ಸೇರಿದ್ದ ಇರ್ಫಾನ್ ಎಂಬವನು ಕೆಲಸ ಹೇಳಿಕೊಟ್ಟ. ಒಂದು ಟ್ಯುಟೋರಿಯಲ್‌ನವರಿಗೆ ಅವರ ಒಂದೊಂದು ಶಾಖೆಗೂ ಬೇರೆ ವೆಬ್‌ಸೈಟು ಬೇಕಿತ್ತು, ಆದರೆ ಹೆಸರು ಒಂದೇ ಇರಬೇಕಿತ್ತು. ಅದಕ್ಕೆ ಸಬ್‌ಡೊಮೈನ್ ಮಾಡಬೇಕು ಎಂದ ಇರ್ಫಾನ್. ನಾನು ಕಣ್ಣು ಕಣ್ಣು ಬಿಟ್ಟೆ.

"ಸಿಂಪಲ್ ಕಣ್ರೀ ಪದ್ಮಾ. ಕಾಂಪೌಂಡು ಒಂದೇ, ಬಾಗ್ಲು ಬೇರೆ ಬೇರೆ. ಮೇನ್ ಹೆಸ್ರು ಇದ್ಯಲ್ಲಾ, ಅದ್ರ ಮುಂದೆ ಒಂದು ಹೆಸ್ರು, ಒಂದು ಡಾಟ್. ಹೊಸ ಮನೆ ರೆಡಿ."

ಅವನು ತೋರಿಸಿದ ಪುಟದಲ್ಲಿ ಒಂದು ಖಾಲಿ ಜಾಗವಿತ್ತು. ಹೆಸರು ಬರೆದು ಗುಂಡಿ ಒತ್ತಿದೆ. ಆ ಹೆಸರಿನದೇ ಒಂದು ಫೋಲ್ಡರ್ ಹುಟ್ಟಿಕೊಂಡಿತು. ಅದರಲ್ಲಿ ಏನಿಟ್ಟರೂ ಆ ವಿಳಾಸದಲ್ಲಿ ಕಾಣುತ್ತದೆ.

"ಇಷ್ಟೇನಾ?"

"ಇಷ್ಟೇ. ಅಗ್ರಿಮೆಂಟ್ ಬೇಡ, ಓನರ್ ಕಾಟ ಇಲ್ಲ. ಯಾರಾದ್ರೂ ಅಡ್ರೆಸ್ ಹೊಡೆದ್ರೆ ಎಲ್ಲಿಗೆ ಹೋಗ್ಬೇಕು ಅಂತ ತೋರ್ಸೋಕೆ ಒಂದು ಮೆಷಿನ್ ಕೂತಿರುತ್ತೆ. ಅದಕ್ಕೆ ಹೆಸ್ರು ಗೊತ್ತಿದ್ರೆ ಕಳ್ಸುತ್ತೆ, ಗೊತ್ತಿಲ್ದಿದ್ರೆ ಇಲ್ಲ ಅನ್ನುತ್ತೆ."

ಮುನಿಯಕ್ಕ! ನನಗೆ ಬೇರೆ ಏನೂ ತೋಚಲಿಲ್ಲ. ಅವತ್ತಿನ ಕೆಲಸ ಹೇಗೆ ಮುಗಿಸಿದೆನೋ ಕಾಣೆ. ಮುಂದಿನ ಸಂಬಳದಲ್ಲಿ ಮಾಡಿದ ಮೊದಲ ಕೆಲಸ 'ಮುನಿಯಕ್ಕ ಡಾಟ್ ಕಾಮ್' ಕೊಂಡದ್ದು. ಇರ್ಫಾನ್ ನಗುತ್ತಾ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಜಗತ್ತಲ್ಲಿ ಯಾರೂ ಈ ಹೆಸ್ರು ತಗೊಂಡಿಲ್ಲಾರೀ, ನಿಮ್ಮ ಪುಣ್ಯ!" ಅಂದ.

ಊಟದ ಬಿಡುವಿನಲ್ಲಿ ಕೂತು ವಠಾರ ಕಟ್ಟಿದೆ. ಮೊದಲ ಪುಟದಲ್ಲಿ ಗೇಟು. ಆಮೇಲೆ ಮನೆಗೊಂದು ಸಬ್‌ಡೊಮೈನ್. ನಾಗರಾಜ ಅಂಕಲ್ ಬಾಗಿಲ ಹಿಂದೆ ಅವರ ಹಳೆಯ ಸ್ಕೂಟರಿನ ಫೋಟೋ, ಕೊನೆಗೂ ಆದ ಮದುವೆಯ ಫೋಟೋ. ನಮ್ಮ ಬಾಗಿಲ ಹಿಂದೆ ಅಮ್ಮನ ತುಳಸಿ ಕುಂಡ. ನಂಬರು ಗೊತ್ತಿದ್ದವರಿಗೆಲ್ಲ ಫೋನು ಮಾಡಿ ಹೇಳಿದೆ. ಅತ್ತಿಗುಪ್ಪೆಗೆ ಹೋಗಿದ್ದ ಮುನಿಯಕ್ಕನಿಗೆ ಮೊಮ್ಮಗಳು ತೋರಿಸಿದಳಂತೆ. "ನನ್ನ ಬೆಂಚೆಲ್ಲಿ?" ಎಂದು ಕೇಳಿದರಂತೆ. ಮಾರನೆಯ ದಿನವೇ ಬೆಂಚು ಹಾಕಿದೆ.

ಕೊನೆಗೆ ಉಳಿದದ್ದು ನಲ್ಲಿಯ ಪಕ್ಕದ ಮನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಹೂಡಿದ್ದು ಅದೊಂದಕ್ಕಾಗಿಯೇ. 'ವಿಮಲ ಡಾಟ್ ಮುನಿಯಕ್ಕ ಡಾಟ್ ಕಾಮ್' ಎಂದು ಬರೆದು ಗುಂಡಿ ಒತ್ತಿದೆ. ಒಳಗೆ ಇಡಲು ನನ್ನ ಹತ್ತಿರ ಇದ್ದದ್ದು ಒಂದೇ ಫೋಟೋ. ಗೌರಿಹಬ್ಬದ ದಿನ ತೆಗೆದದ್ದು, ಜರಿಲಂಗದಲ್ಲಿ ಹುಬ್ಬೇರಿಸಿ ನಿಂತ ನಾನು, ಹಿಂದೆ ಅರ್ಧ ತೆರೆದ ಆ ಬಾಗಿಲು. ನನ್ನನ್ನು ಕತ್ತರಿಸಿ ತೆಗೆದು ಬಾಗಿಲು ಉಳಿಸಿಕೊಂಡೆ. ಆಗ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ಅದಕ್ಕೇ ಕಾಗದದ ಮೇಲೆ 'ತಳ್ಕೊಂಡು ಬಾ' ಎಂದು ಕೈಯಲ್ಲಿ ಬರೆದು, ಅದನ್ನೂ ಫೋಟೋದ ಹಾಗೆ ಮಾಡಿ ಬಾಗಿಲ ಮೇಲೆ ಅಂಟಿಸಿದೆ. ಪುಟದ ಕೆಳಗೆ ಬಂದುಹೋದವರನ್ನು ಎಣಿಸುವ ಒಂದು ಪುಟ್ಟ ಮೀಟರು ಇಟ್ಟೆ, ಆ ಕಾಲದ ಫ್ಯಾಶನ್ನು ಅದು. ದಿನಾ ಬೆಳಿಗ್ಗೆ ಆಫೀಸಿಗೆ ಹೋದೊಡನೆ ತೆರೆದು ನೋಡುತ್ತಿದ್ದೆ. ಮೀಟರು ಏರುತ್ತಲೇ ಇತ್ತು. ಬಂದವರೆಲ್ಲ ನಾನೇ.

ಹೀಗಿರುವಾಗ ಒಂದು ಸಂಜೆ ಅಮ್ಮ ವಿಜಯನಗರದ ಮಾರ್ಕೆಟ್ಟಿನಿಂದ ಬಂದವಳು ಚೀಲ ಇಳಿಸುವ ಮೊದಲೇ, "ವಿಮಲನ ನಾದಿನಿ ಸಿಕ್ಕಿದ್ಲು ಕಣೇ! ಅವ್ರೀಗ ಕೆಂಗೇರಿಲಿದಾರಂತೆ," ಎಂದಳು. ನಾನು ಎದ್ದು ನಿಂತೆ.

"ಅಡ್ರೆಸ್?"

"ಕೊಟ್ಟೆ. ಅವ್ಳ ಕೈಲೇ ಬರೆಸ್ದೆ. ವಿಮಲಂಗೆ ತಪ್ಪದೆ ಕೊಡ್ತೀನಿ ಅಂದ್ಲು."

"ಕೊಟ್ಯಾ? ಯಾವ ಅಡ್ರೆಸ್?"

"ನೀನು ಮಾಡಿದೀಯಲ್ಲ, ಕಂಪ್ಯೂಟರ್ ಅಡ್ರೆಸ್ಸು."

"ಅಯ್ಯೋ ಅಮ್ಮಾ! ಅವರ ಮನೆ ಅಡ್ರೆಸ್ ಇಸ್ಕೊಂಡು ಬರೋದು ಬಿಟ್ಟು ನಮ್ದು ಕೊಟ್ಟು ಬಂದ್ಯಾ?"

ಅಮ್ಮ ಚೀಲದಿಂದ ಬದನೆಕಾಯಿ ತೆಗೆಯುತ್ತಾ ಸ್ವಲ್ಪ ಹೊತ್ತು ಯೋಚಿಸಿದಳು. "ಹೌದಲ್ವೇ," ಅಂದಳು.

ಆದರೂ ನನಗೆ ಹಿಡಿಸಲಾರದ ಸಂತೋಷ. ಇವತ್ತು ನೋಡುತ್ತಾರೆ, ನಾಳೆ ನೋಡುತ್ತಾರೆ ಎಂದು ಕಾದೆ. ಮೀಟರಿನಲ್ಲಿ ನನ್ನ ಹೊರತು ಇನ್ನೊಬ್ಬರ ಸುಳಿವಿಲ್ಲ. ವಾರಗಳು ಕಳೆದವು. ಒಂದು ಭಾನುವಾರ ತಡೆಯಲಾಗದೆ ಬಸ್ಸು ಹತ್ತಿ ಕೆಂಗೇರಿಗೇ ಹೋದೆ. ಗೊತ್ತುಗುರಿಯಿಲ್ಲದೆ ಬೀದಿ ಬೀದಿ ಸುತ್ತಿ, ಅರ್ಧ ತೆರೆದ ಬಾಗಿಲು ಕಂಡಲ್ಲೆಲ್ಲ ಇಣುಕಿದೆ. ಒಂದು ಮನೆಯವರು ನನ್ನನ್ನು ಜನಗಣತಿಯವಳೆಂದುಕೊಂಡು ಮನೆಯಲ್ಲಿರುವವರ ಹೆಸರೆಲ್ಲ ಹೇಳತೊಡಗಿದರು. ಕೇಳಿಸಿಕೊಂಡು ವಾಪಸ್ ಬಂದೆ. ಆಂಟಿ ವಿಳಾಸ ಸಿಕ್ಕಿಯೂ ಸುಮ್ಮನಿದ್ದಾರೆಯೇ? ಅಥವಾ ನಾನು ಅವರಿಗೆ ಬೇಡವಾದೆನೇ? ಅದೇ ಯೋಚನೆಯಲ್ಲಿ ಬಸ್ಸಿನಲ್ಲಿ ನನ್ನ ಸ್ಟಾಪೂ ದಾಟಿಹೋಯಿತು.

ಆಮೇಲೆ ಮುನಿಯಕ್ಕನ ಮೊಮ್ಮಗಳ ಮದುವೆ ಬಂತು. ವಿಜಯನಗರದ ಒಂದು ಛತ್ರ. ನಾನು ಅಮ್ಮನ ರೇಷ್ಮೆ ಸೀರೆ ಉಟ್ಟು, ಅದು ಜಾರದ ಹಾಗೆ ಉಸಿರು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರೆ, ಮೇಲಿಂದ ಇಳಿಯುತ್ತಿದ್ದಾರೆ ವಿಮಲಾ ಆಂಟಿ! ಅವರ ನಾದಿನಿಯ ಕೈಯಲ್ಲಿ ಮುನಿಯಕ್ಕ ಕರೆ ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಆಂಟಿಯ ಕೂದಲು ಬೆಳ್ಳಗಾಗಿತ್ತು. ತಬ್ಬಿಕೊಳ್ಳಲು ಹೋದೆ. ಅವರು ಒಂದು ಮೆಟ್ಟಿಲು ಹಿಂದಕ್ಕೆ ಸರಿದು, "ಚೆನ್ನಾಗಿದೀರಾ?" ಎಂದರು.

ಚೆನ್ನಾಗಿದೀರಾ! ನನಗೆ! ನನ್ನ ಹೇನು ತೆಗೆದ ಕೈ ಅದು. ಅವರು ನನ್ನನ್ನು 'ನೀವು' ಅಂದದ್ದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು.

"ಆಂಟಿ, ನಾನು ಪದ್ದಿ. ಯಾಕೆ ಹೀಗ್ ಮಾತಾಡ್ತೀರ? ನಾನೇನ್ ಮಾಡ್ದೆ?"

ಅವರು ತಾಂಬೂಲದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಏನೂ ಮಾಡಿಲ್ಲ ಬಿಡಿ. ಎಲ್ರಿಗೂ ಕಂಪ್ಯೂಟರಲ್ಲಿ ಮನೆ ಮಾಡಿದೀರಂತೆ. ಈಗ ಮೇಲೆ ನಾಗರಾಜ ಹೇಳ್ದ, ಮುನಿಯಕ್ಕ ಹೇಳಿದ್ರು. ನನಗೂ ಇದೆ ಅಂತ ಆಗ್ಲೇ ನಾದಿನಿ ಚೀಟಿ ತಂದುಕೊಟ್ಟಿದ್ಲು. ಪಕ್ಕದ್ಮನೆ ಹುಡುಗಿನ ಕರ್ಕೊಂಡು ಕಂಪ್ಯೂಟರ್ ಅಂಗಡಿಗೆ ಹೋಗಿ, ಚೀಟಿಲಿದ್ದ ಹಂಗೇ ಹೊಡೆಸ್ದೆ. ಅಂಥದ್ದು ಇಲ್ಲ ಅಂತ ಬಂತು. ಇನ್ನೊಂದ್ಸಲ ಹೋದೆ. ಇಲ್ಲ ಅಂತು. ಇರ್ಲಿ, ಬಾಡಿಗೆಗಿದ್ದೋರು ಬರ್ತೀವಿ, ಹೋಗ್ತೀವಿ."

"ಚೀಟಿಲಿ ಏನಿತ್ತು ಆಂಟಿ?"

ಅವರಿಗೆ ಬಾಯಿಪಾಠವಾಗಿತ್ತು. "ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಡಾಟ್ ವಿಮಲ ಡಾಟ್ ಮುನಿಯಕ್ಕ ಡಾಟ್ ಕಾಮ್."

ನಾನು ತಿರುಗಿ, ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಅಮ್ಮನನ್ನು ನೋಡಿದೆ. ನಾನು ಅಮ್ಮನಿಗೆ ಹೇಳಿದ್ದ ವಿಳಾಸ 'ವಿಮಲ'ದಿಂದ ಶುರುವಾಗುತ್ತಿತ್ತು. ಮುಂದೆ ಆ ಮೂರು ಅಕ್ಷರ ಇರಲಿಲ್ಲ.

"ಬರೀ ವಿಮಲ ಅಂತ ಹೇಗೆ ಹೇಳೋದೇ?" ಎಂದಳು ಅಮ್ಮ. "ಆಟೋ ಹಿಂದೆ, ಅಂಗಡಿ ಬೋರ್ಡಲ್ಲಿ, ಎಲ್ಲಾ ಕಡೆ ಅದಿರುತ್ತಲ್ಲ. ನೀನು ಮರ್ತಿರ್ತೀಯ ಅಂತ ಮರ್ಯಾದೆಗೆ ಸೇರಿಸ್ದೆ."

ಮರ್ಯಾದೆಗೆ! ಶ್ರೀಯುತ ಇಂಜಿನಿಯರ್ ನಾಗರಾಜರಾಯರು! ಗೇಟಿನಲ್ಲಿ ಕೂತ ಮೆಷಿನ್ನಿಗೆ ಗೊತ್ತಿದ್ದದ್ದು ವಿಮಲ ಮಾತ್ರ. ಮುಂದೆ ಮೂರು ಡಬ್ಲ್ಯೂ ಹಾಕಿಕೊಂಡು ಬಂದವರನ್ನು, ಅಂಥವರು ಇಲ್ಲಿ ಯಾರೂ ಇಲ್ಲವೆಂದು ವಾಪಸ್ ಕಳಿಸಿತ್ತು. ಚೀಟಿಯ ಮೇಲೆ ಶ್ರೀ ಬರೆಯದೆ ಕೈ ಮುಂದಕ್ಕೆ ಹೋಗದ ಆಂಟಿಗೆ ಅದನ್ನು ಬಿಟ್ಟು ಹೊಡೆದು ನೋಡೋಣವೆಂದು ಹೊಳೆಯುವುದಾದರೂ ಹೇಗೆ?

"ಬನ್ನಿ ನನ್ ಜೊತೆ," ಎಂದು ಅವರ ಕೈ ಹಿಡಿದು ಎಳೆದೆ. ರಸ್ತೆಯಾಚೆ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಕೈಯಲ್ಲಿ ತಾಂಬೂಲದ ಚೀಲ ಹಿಡಿದ ಇಬ್ಬರು ಹೆಂಗಸರು ಬಿರಬಿರನೆ ಒಳಗೆ ನುಗ್ಗಿದ್ದನ್ನು ನೋಡಿ ಕೌಂಟರಿನವರು, "ಮೇಡಂ, ಛತ್ರ ಎದುರುಗಡೆ," ಎಂದರು.

ಆಂಟಿಯನ್ನು ಕೂರಿಸಿ ವಿಳಾಸ ಹೊಡೆದೆ. ಆಗಿನ ಇಂಟರ್ನೆಟ್ಟಿನ ವೇಗ ನಿಮಗೆ ನೆನಪಿರಬಹುದು. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಚಿತ್ರ ಇಳಿಯುತ್ತಿತ್ತು. ಮೊದಲು ಬಾಗಿಲ ಮೇಲಿನ ಮಾವಿನ ತೋರಣ ಬಂತು. ಆಮೇಲೆ ಹಸಿರು ಬಣ್ಣ ಕಿತ್ತುಹೋದ ಹಲಗೆ. ಆಮೇಲೆ ಅಕ್ಷರ. ಆಂಟಿ ಕನ್ನಡಕ ಮೂಗಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿದರು.

"ತಳ್ಕೊಂಡು ಬಾ," ಎಂದು ಓದಿದರು.

ಅಂಗೈ ಎತ್ತಿ ಪರದೆಯ ಮೇಲೆ, ಬಾಗಿಲಿದ್ದ ಜಾಗದಲ್ಲಿ ಇಟ್ಟರು. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ.

"ಅವತ್ತು ಇದು ಬರ್ಲಿಲ್ಲ ಕಣೇ," ಎಂದರು. ಕಣೇ ಎಂದರು! "ಆ ಹುಡುಗಿ ನಡೀರಿ ಆಂಟಿ, ಇಲ್ವಂತೆ ಅಂತಿದ್ಲು. ನಾನೇ ಇರು ಅಂತ ಸ್ವಲ್ಪ ಹೊತ್ತು ಕಾದೆ. ನೀನು ಒಳಗಡೆ ಏನೋ ಕೆಲ್ಸದಲ್ಲಿದೀಯೇನೋ, ಬಂದು ತೆಗೀತೀಯೇನೋ ಅಂತ."

ಅವರು ಇದನ್ನು ತಮಾಷೆಗೆ ಹೇಳಲಿಲ್ಲ. ಕಂಪ್ಯೂಟರೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ಬಾಗಿಲೆಂದರೆ ಏನೆಂದು ಗೊತ್ತಿತ್ತು. ನಾನು ಅವರ ಭುಜಕ್ಕೆ ಮುಖ ಒತ್ತಿ, ಮುಡಿದ ಮಲ್ಲಿಗೆಯೆಲ್ಲ ಉದುರುವ ಹಾಗೆ ಅತ್ತೆ. ಕೌಂಟರಿನವರು ಗಾಬರಿಯಾಗಿ ಫ್ಯಾನು ಜೋರು ಮಾಡಿದರು.

ಮದುವೆ ಊಟವನ್ನೂ ಬಿಟ್ಟು ನೇರ ಆಫೀಸಿಗೆ ಹೋದೆ. ಆ ಖಾಲಿ ಜಾಗದಲ್ಲಿ ಮೂರು ಡಬ್ಲ್ಯೂ ಹಚ್ಚಿ ವಿಮಲ ಎಂದು ಇನ್ನೊಂದು ಸಲ ಬರೆದೆ. ಅದನ್ನೂ ಅದೇ ಬಾಗಿಲಿಗೆ ತಿರುಗಿಸಿದೆ. ಹೊಸ ಹೆಸರು ಎಲ್ಲ ಕಡೆ ತಿಳಿಯಲು ಆಗೆಲ್ಲ ಒಂದು ದಿನ ಹಿಡಿಯುತ್ತಿತ್ತು. ಮಾರನೆಯ ದಿನ ಸಂಜೆ ಆಫೀಸಿಗೆ ಫೋನು ಬಂತು. "ಚೀಟಿಲಿದ್ದ ಹಂಗೇ ಹೊಡೆಸ್ದೆ ಕಣೇ, ತೆಗೀತು!" ಎಂದರು ಆಂಟಿ. ಅವತ್ತಿನಿಂದ ನಾನು ಮಾಡಿದ ಪ್ರತಿ ಸಬ್‌ಡೊಮೈನಿಗೂ ಮೂರು ಡಬ್ಲ್ಯೂ ಇರುವುದೊಂದು, ಇಲ್ಲದ್ದೊಂದು, ಎರಡೆರಡು ಹೆಸರು. ಇರ್ಫಾನ್ ಇದೆಂಥ ಹುಚ್ಚು ಅನ್ನುತ್ತಿದ್ದ. ಅನ್ನಲಿ ಎಂದು ಬಿಟ್ಟೆ.

ಆಮೇಲೆ ಕೆಲವು ವರ್ಷ ಕೆಂಗೇರಿ ನನ್ನ ತವರಾಯಿತು. ಆ ಮನೆಯಲ್ಲೂ ಹಗಲು ಚಿಲಕವಿರಲಿಲ್ಲ. ಹೋದಾಗಲೆಲ್ಲ ಆಂಟಿ ಒಂದೊಂದು ಅಡುಗೆ ಬರೆದುಕೊಡುತ್ತಿದ್ದರು, ಮೇಲೆ ಶ್ರೀ ಇರುವ ಆ ಕಾಗದದ ಫೋಟೋವನ್ನು ನಾನು ಅವರ ಮನೆಯೊಳಗೆ ಇಡುತ್ತಿದ್ದೆ. ಒಂದು ಆಷಾಢದಲ್ಲಿ ಆಂಟಿ ಹೋಗಿಬಿಟ್ಟರು. ಹೆಚ್ಚು ನರಳಲಿಲ್ಲ. ಅದಾದ ಮೇಲೆ ನಮ್ಮ ಆಫೀಸು ಮುಚ್ಚಿತು, ನನಗೆ ಆ ಡಾಟ್ ಕಾಮ್ ಹೆಸರು ಮಾರಿದ್ದ ಕಂಪನಿಯೂ ಬಾಗಿಲು ಹಾಕಿತು. ನಾನು ಎಚ್ಚೆತ್ತು ಓಡಾಡುವಷ್ಟರಲ್ಲಿ ಮುನಿಯಕ್ಕ ಡಾಟ್ ಕಾಮ್ ಬೇರೆ ಯಾರದೋ ಕೈಗೆ ಹೋಗಿತ್ತು. ಜಗತ್ತಿನಲ್ಲಿ ಯಾರಿಗೂ ಬೇಡವಾಗಿದ್ದ ಹೆಸರು! ಎರಡನೆಯ ಸಲ ವಠಾರ ಖಾಲಿಯಾಯಿತು.

ಮೊನ್ನೆ ತಮ್ಮನ ಮಗಳು ನಕ್ಕಾಗ ಇದೆಲ್ಲ ಒಟ್ಟಿಗೆ ನುಗ್ಗಿ ಬಂತು. ಕರೆಂಟ್ ಬಿಲ್ ಅಲ್ಲಿಗೇ ಬಿಟ್ಟು, ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಡಾಟ್ ವಿಮಲ ಡಾಟ್ ಮುನಿಯಕ್ಕ ಡಾಟ್ ಕಾಮ್ ಎಂದು ಪೂರ್ತಿ ಹೊಡೆದೆ. ಬೆಳ್ಳಗಿನ ಪುಟ ಬಂತು. ಅಂಥದ್ದು ಇಲ್ಲ ಎಂದಿತು.

"ಇಲ್ವಂತೆ ಅತ್ತೆ, ಕ್ಲೋಸ್ ಮಾಡಿ," ಎಂದಳು ಹುಡುಗಿ. ನಾನು ಅಲುಗಾಡಲಿಲ್ಲ. ಅವಳು ಚಕ್ಕುಲಿ ತಿನ್ನುವುದು ನಿಲ್ಲಿಸಿ ನನ್ನ ಮುಖ ನೋಡಿದಳು. "ಏನ್ ನೋಡ್ತಾ ಇದೀರ ಅತ್ತೆ?"

"ಇರು ಸ್ವಲ್ಪ ಹೊತ್ತು," ಅಂದೆ. "ಒಳಗಡೆ ಏನೋ ಕೆಲ್ಸದಲ್ಲಿದಾರೇನೋ."